ಅಪ್‌ಡೇಟ್: ತುಮಕೂರು–ಬೆಂಗಳೂರು ರೈಲು ಪಾಸ್ ಮಾಡಿಸಿದೆ

ತುಮಕೂರಿಂದ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರ್ತೀನಿ, ಟಿಕೆಟ್ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಕೇಳಿದ್ದೆ. ಸೀಸನ್ ಟಿಕೆಟ್ (ಅಂದರೆ ರೈಲು ಪಾಸ್) ಮಾಡಿಸಿ ಅಂತ ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಮಾಡಿಸಿದ್ದೇನೆ. ದಿನಾ ಟಿಕೆಟ್ ತಗೊಳ್ಳುವುದಕ್ಕೆ ಹೋಲಿಸಿದರೆ ಅರ್ಧದಷ್ಟೂ ಆಗುತ್ತಿಲ್ಲ. ಬೆಳಿಗ್ಗೆ ಕೌಂಟರ್ ಕ್ಯೂ ಇಲ್ಲದಿರುವುದು ಬೇರೆ ನೆಮ್ಮದಿ.

ಮೊದಲು ತಿಂಗಳ ಪಾಸ್ ತಗೊಂಡೆ. ಆಮೇಲೆ ಮೂರು ತಿಂಗಳದ್ದಕ್ಕೆ ಬದಲಾಯಿಸಿದೆ. ಅದಕ್ಕೆ ತಿಂಗಳ ಪಾಸಿನ 2.7 ಪಟ್ಟು ಮಾತ್ರ ದುಡ್ಡು, ಅಂದರೆ ಸ್ವಲ್ಪ ಉಳಿತಾಯ ಜಾಸ್ತಿ. ಕೆಲಸ ಖಾಯಂ ಇದ್ದವರು ಇದನ್ನೇ ಮಾಡಿಸಿ.

ಒಂದು ವಿಷಯ ಗಮನಿಸಿ. ಸಾಮಾನ್ಯ ಪಾಸ್ ಇಟ್ಟುಕೊಂಡು ಸೂಪರ್‌ಫಾಸ್ಟ್ ಹತ್ತುವ ಹಾಗಿಲ್ಲ, ಅದಕ್ಕೆ ಸರ್‌ಚಾರ್ಜ್ ಕಟ್ಟಬೇಕು. ರಿಸರ್ವೇಶನ್ ಬೋಗಿಗೂ ಹೋಗುವಂತಿಲ್ಲ. ಪಾಸ್ ಜೊತೆ ಫೋಟೋ ಇರುವ ಗುರುತಿನ ಚೀಟಿ ಸದಾ ಇರಲಿ. ಟಿಟಿಇ (ಟಿಕೆಟ್ ಚೆಕ್ ಮಾಡುವವರು) ನನ್ನ ಪಾಸ್ ನೋಡಿದಾಗ ಅದರ ಮೇಲಿನ ನಂಬರ್ ಮತ್ತು ಗುರುತಿನ ಚೀಟಿಯ ನಂಬರ್ ಹೋಲಿಸಿಯೇ ವಾಪಸ್ ಕೊಟ್ಟರು.

ಮೈಸೂರಿಂದ ಓಡಾಡುವ ಒಬ್ಬರೂ ಕೇಳಿದ್ದರು, ಅಲ್ವಾ? ಪಾಸ್ 150 ಕಿ.ಮೀ. ವರೆಗೆ ಸಿಗುತ್ತದೆ. ಮೈಸೂರು–ಬೆಂಗಳೂರು ಅದರೊಳಗೇ ಬರುತ್ತದೆ, ಹಾಗಾಗಿ ನಿಮಗೂ ಆಗುತ್ತದೆ.

ಇನ್ನೊಂದು ಮಾತು. ಡಿಗ್ರಿವರೆಗೆ ಓದುವ ಹೆಣ್ಣುಮಕ್ಕಳಿಗೆ, ಹನ್ನೆರಡನೇ ತರಗತಿವರೆಗಿನ ಹುಡುಗರಿಗೆ ಮನೆಯಿಂದ ಕಾಲೇಜಿಗೆ ಹೋಗಿಬರಲು ಸೆಕೆಂಡ್ ಕ್ಲಾಸ್ ತಿಂಗಳ ಪಾಸ್ ಉಚಿತ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ನಮ್ಮಕ್ಕನ ಮಗಳಿಗೆ ಕಾಲೇಜಿಂದ ಸರ್ಟಿಫಿಕೇಟ್ ತರಲು ಹೇಳಿದ್ದೇನೆ, ಮುಂದಿನ ವಾರ ಅವಳದ್ದನ್ನೂ ಮಾಡಿಸುತ್ತೇವೆ.