ಹೇಸರಗತ್ತೆ ತಂದ ಸುದ್ದಿ

ನಮ್ಮ ‘ಹಳೇಮನೆ ಬಳಗ’ ಗುಂಪಿನಲ್ಲಿ ಜೂನ್ 19ರಂದು ನಡೆದ ಮಾತುಕತೆ ಇದು. ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.

ರಘು ಚಿಕ್ಕಪ್ಪ (ಫಾರ್ವರ್ಡ್): 1863ರಲ್ಲೇ ಅಮೆರಿಕದ ಅಧ್ಯಕ್ಷ ಲಿಂಕನ್ ಗುಲಾಮರನ್ನು ಬಿಡಿಸಿದರು! ಹೇಸರಗತ್ತೆ ಏರಿ ಹೊರಟ ದೂತ ಟೆಕ್ಸಾಸ್ ಮುಟ್ಟಲು ಎರಡೂವರೆ ವರ್ಷ!! ಅದಕ್ಕೇ ಅಲ್ಲಿ ಜೂನ್ 19ಕ್ಕೆ ಈ ಜೂನ್‌ಟೀನ್ತ್ ಹಬ್ಬ. ಎಲ್ಲರಿಗೂ ಹಂಚಿ.

ರಘು ಚಿಕ್ಕಪ್ಪ: ನಮ್ಮ ಪೋಸ್ಟ್ ಆಫೀಸೇ ವಾಸಿ ಹಹಹ

ಶಾಂತತ್ತೆ: ಅವರಿಗೆ ತಡವಾಗಿಯಾದರೂ ತಲುಪಿತು. ನಿನ್ನ ಗೃಹಪ್ರವೇಶದ ಸುದ್ದಿ ನಮಗೆ ಇನ್ನೂ ತಲುಪಿಲ್ಲ.

ರಘು ಚಿಕ್ಕಪ್ಪ: ಅಕ್ಕಾ, ಕಾರ್ಡ್ ಕೊಟ್ಟಿದ್ದೆ.

ಶಾಂತತ್ತೆ: ಸೆಕ್ಯೂರಿಟಿಯವನ ಕೈಗೆ.

ವಿದ್ಯಕ್ಕ: ಚಿಕ್ಕಪ್ಪ, ಈ ಕತ್ತೆ ಎಲ್ಲಿಂದ ಬಂತು? ಯಾವ ಪುಸ್ತಕದಲ್ಲಿದೆ?

ರಘು ಚಿಕ್ಕಪ್ಪ: ನನಗೆ ಬಂತು, ಕಳಿಸಿದೆ. ನಾನೇನು ಕತ್ತೆ ಸಾಕಿದೀನಾ?

ಪ್ರಸಾದ ಹ್ಯೂಸ್ಟನ್: ಆಗಲೇ ಟೆಲಿಗ್ರಾಫ್ ಇತ್ತು. ಮಾಲೀಕರಿಗೆ ಗೊತ್ತಿತ್ತು, ಎಷ್ಟೋ ಗುಲಾಮರಿಗೂ ಗೊತ್ತಿತ್ತು. ಜಾರಿ ಮಾಡಿಸಲು ಅಲ್ಲಿ ಲಿಂಕನ್ ಸರ್ಕಾರದ ಸೈನ್ಯ ಇರಲಿಲ್ಲ. 1865ರ ಜೂನ್ 19ಕ್ಕೆ ಜನರಲ್ ಗ್ರೇಂಜರ್ ಆ ಸೈನ್ಯದ ಜೊತೆ ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಬಿಡುಗಡೆಯ ಆದೇಶ ಹೊರಡಿಸಿದ. ಅದರಲ್ಲೂ ‘ಇದ್ದ ಕಡೆಯೇ ತೆಪ್ಪಗಿದ್ದು ಕೂಲಿಗೆ ದುಡಿಯಿರಿ’ ಅಂತ ಬುದ್ಧಿವಾದ ಬೇರೆ.

ಪ್ರಸಾದ ಹ್ಯೂಸ್ಟನ್: ನಮ್ಮೂರಲ್ಲಿ ಎಮ್ಯಾನ್ಸಿಪೇಷನ್ ಪಾರ್ಕ್ ಇದೆ, ಅಂದರೆ ಬಿಡುಗಡೆ ಪಾರ್ಕ್. ಬಿಡುಗಡೆಯಾದವರೇ ದುಡ್ಡು ಕೂಡಿಸಿ 1872ರಲ್ಲಿ 10 ಎಕರೆ ಕೊಂಡರು, ಈ ಹಬ್ಬ ಮಾಡೋಕೆ ಅಂತಲೇ. ಕೆಂಪು ಸೋಡಾ, ಕಲ್ಲಂಗಡಿ ಎಲ್ಲಾ ಇರುತ್ತೆ.

ಶಾಂತತ್ತೆ: ಹತ್ತು ಎಕರೆಗೂ ಜಗಳ ಆಗಲಿಲ್ವಾ? ನಮ್ಮಲ್ಲಿ ಒಂದು 30×40 ಸೈಟಿಗೇ...

ದೊಡ್ಡಪ್ಪ: ಶಾಂತಾ, ಸಾಕು. ಮಕ್ಕಳೇ, ಮನುಷ್ಯರನ್ನು ದುಡಿಸಿ ಕೂಲಿ ಕೊಡದಿರುವುದು ಮಹಾಪಾಪ. ನಮ್ಮಲ್ಲಿ ಅಂಥದ್ದು ಯಾವತ್ತೂ ಇರಲಿಲ್ಲ.

ಕಿಟ್ಟಣ್ಣ: ಕಲ್ಲಂಗಡಿ ಅಂದ ಕೂಡಲೇ ಬೋರ ನೆನಪಾದ. ಬೇಸಿಗೆ ರಜದಲ್ಲಿ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಹೋಗುತ್ತಿದ್ದ. ರಾತ್ರಿ ಕೊಟ್ಟಿಗೆಯಲ್ಲೇ ಮಲಗೋನು. ಎಂಥ ನಿಯತ್ತು! ಒಂದು ದಿನ ಸಂಬಳ ಕೇಳಿದವನಲ್ಲ.

ವಿದ್ಯಕ್ಕ: ಯಾಕೆ ಕೇಳಲಿಲ್ಲ?

ಕಿಟ್ಟಣ್ಣ: ಅವರಪ್ಪ ಮದುವೆಗೆ ಅಂತ ತಾತನ ಹತ್ತಿರ ಸಾಲ ತಗೊಂಡಿದ್ದನಂತೆ.

ವಿದ್ಯಕ್ಕ: ಅದಕ್ಕೆ ಜೀತ ಅಂತಾರೆ ಕಿಟ್ಟಣ್ಣ. 1976ರ ಕಾನೂನಿನಲ್ಲಿ ಜೀತವೂ ರದ್ದು, ಆ ಸಾಲವೂ ರದ್ದು. ಬೋರ ಯಾವ ಇಸವಿವರೆಗೆ ಇದ್ದ?

(ಮುಕ್ಕಾಲು ಗಂಟೆ ಬರೀ ನೀಲಿ ಟಿಕ್. ಇಷ್ಟು ಹೊತ್ತು ಈ ಗುಂಪು ಸುಮ್ಮನಿದ್ದದ್ದು ನಾನು ನೋಡಿಲ್ಲ.)

ಕಿಟ್ಟಣ್ಣ: ನನ್ನ ಎಸ್ಸೆಲ್ಸಿವರೆಗೆ. 82.

ದೊಡ್ಡಪ್ಪ: ಬೋರ ಮನೆಯವನ ಹಾಗೇ ಇದ್ದ.

ಶಾಂತತ್ತೆ: ಅವನ ತಟ್ಟೆ ಹೊರಗೆ ಸೂರಿಗೆ ಸಿಕ್ಕಿಸಿರುತ್ತಿತ್ತು ಅಣ್ಣ.

ರಘು ಚಿಕ್ಕಪ್ಪ: ಕಾನೂನಿನ ಸುದ್ದಿ ನಮ್ಮೂರಿಗೆ ಬಂದಿರಲಿಲ್ಲವೇನೋ.

ಶಾಂತತ್ತೆ: ಅಪ್ಪ ದಿನಾ ರೇಡಿಯೋದಲ್ಲಿ ವಾರ್ತೆ ಕೇಳುತ್ತಿದ್ದರು ಕಣೋ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಕಿಟ್ಟಣ್ಣ: ಬೋರನ ಮಗ ಈಗ ಎಲ್ಲಿದ್ದಾನೆ, ಯಾರಿಗಾದರೂ ಗೊತ್ತಾ?

ರಘು ಚಿಕ್ಕಪ್ಪ: ನಾನು ಬರೀ ಕತ್ತೆ ವಿಷಯ ಹಾಕಿದ್ದೆ ಕಣ್ರಪ್ಪಾ.