ಒಂದೇ ದಿನವಿದ್ದರೆ ಫೋಲ್ಕ್‌ಲಿಂಗೆನ್ ನೋಡುವುದೋ, ಡ್ಯೂಸ್‌ಬರ್ಗ್ ನೋಡುವುದೋ?

ಪ್ರಶ್ನೆ:
ಮುಂದಿನ ತಿಂಗಳು ಜರ್ಮನಿಗೆ ಹೋಗುವವನಿದ್ದೇನೆ. ಮುಚ್ಚಿದ ಮೇಲೂ ಕೆಡವದೆ ಉಳಿಸಿಕೊಂಡಿರುವ ಕಬ್ಬಿಣ-ಉಕ್ಕಿನ ಕಾರ್ಖಾನೆಯೊಂದನ್ನು ನೋಡಬೇಕೆಂದಿದ್ದೇನೆ. ಕೈಯಲ್ಲಿರುವುದು ಒಂದೇ ದಿನ. ತುಕ್ಕು ಹಿಡಿದ ಯಂತ್ರಗಳ ಫೋಟೋ ತೆಗೆದುಕೊಂಡು ಬರುವುದಷ್ಟೇ ನನ್ನ ಉದ್ದೇಶವಲ್ಲ, ಅದಿರು ಕಬ್ಬಿಣವಾಗುವ ಬಗೆ ಅಲ್ಲೇ ನಿಂತು ಅರ್ಥವಾಗಬೇಕು. ಎಲ್ಲಿಗೆ ಹೋಗಲಿ?

ಉತ್ತರ 1:
ಹಾಗಿದ್ದರೆ ಸಾರ್‌ಲ್ಯಾಂಡ್‌ನ ಫೋಲ್ಕ್‌ಲಿಂಗೆನ್‌ಗೆ ಹೋಗಿ. 1873ರಲ್ಲಿ ಆರಂಭವಾದ ಈ ಕಾರ್ಖಾನೆಯ ಊದುಕುಲುಮೆಗಳು (ಗಾಳಿ ಊದಿ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ಕುಲುಮೆಗಳು) 1986ರಲ್ಲಿ ಆರಿದವು. 1994ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾಲಾಗಿ ನಿಂತ ಆರು ಕುಲುಮೆಗಳಿಗಿಂತ ಅವುಗಳ ನಡುವಿನ ಕೊಂಡಿಗಳೇ ನನಗೆ ಹೆಚ್ಚು ಹಿಡಿಸಿದವು. ಅದಿರು ಮತ್ತು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ತುಂಬಿದ ತೊಟ್ಟಿಗಳು ತೂಗುಹಳಿಯಲ್ಲಿ ನೇತಾಡುತ್ತ ಕುಲುಮೆಯ ಬಾಯಿಗೆ ಅವನ್ನು ಸುರಿಯುವ 27 ಮೀಟರ್ ಎತ್ತರದ ಅಟ್ಟಕ್ಕೆ ಏರಿ ಬರುತ್ತಿದ್ದವು. ಹೆಲ್ಮೆಟ್ ಹಾಕಿಕೊಂಡು ಆ ಅಟ್ಟದ ಮೇಲೆ ನಡೆಯುವಾಗ, ಹಳಿಯಲ್ಲಿ ಈಗಲೂ ನಿಂತಿರುವ ತೊಟ್ಟಿಗಳು ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತವೆ. ಕುಲುಮೆಯ ಬಾಯಿಂದ ಹೊರಬಂದ ಅನಿಲವನ್ನು ಸೋಸಿ, ಅದರಿಂದಲೇ ದೈತ್ಯ ಎಂಜಿನ್‌ಗಳನ್ನು ಓಡಿಸಿ, ಆ ಎಂಜಿನ್‌ಗಳಿಂದ ಅದೇ ಕುಲುಮೆಗೆ ಗಾಳಿ ಊದಿಸುತ್ತಿದ್ದರು. ಈ ಸುತ್ತನ್ನು ಕಾಲ್ನಡಿಗೆಯಲ್ಲೇ ಹಿಂಬಾಲಿಸಬಹುದು. ಆದರೆ ಉಕ್ಕು ತಯಾರಿಸುವ ಭಾಗ ಈ ಸ್ಮಾರಕದೊಳಗಿಲ್ಲ. ಇಲ್ಲಿ ಕಾಣುವುದು ಬೀಡುಕಬ್ಬಿಣದವರೆಗಿನ, ಅಂದರೆ ಕುಲುಮೆಯಿಂದ ಹೊರಬರುವ ಕಚ್ಚಾ ಕಬ್ಬಿಣದವರೆಗಿನ ಕತೆ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಡ್ಯೂಸ್‌ಬರ್ಗ್‌ನ ಪರವಾಗಿ ಒಂದು ಮಾತು. 1985ರಲ್ಲಿ ನಿಂತ ಅಲ್ಲಿನ ಕಾರ್ಖಾನೆಯನ್ನು ಭೂದೃಶ್ಯ ವಿನ್ಯಾಸಕಾರ ಪೀಟರ್ ಲಾಟ್ಸ್ ಉದ್ಯಾನವಾಗಿಸಿದರು. ಅನಿಲ ತುಂಬಿಡುತ್ತಿದ್ದ ಟ್ಯಾಂಕಿಗೆ ನೀರು ತುಂಬಿಸಿದ್ದಾರೆ, ಅದರಲ್ಲಿ ಈಗ ಜನ ಡೈವಿಂಗ್ ಮಾಡುತ್ತಾರೆ. ಅದಿರಿನ ಉಗ್ರಾಣದ ಗೋಡೆಗಳನ್ನು ಹತ್ತುವವರೂ ಇದ್ದಾರೆ. ಸಂಜೆಯ ಹೊತ್ತಿಗೆ ಇದು ಸೊಗಸಾದ ಜಾಗ. ನಿಮ್ಮ ಪ್ರಶ್ನೆಗೆ ಮಾತ್ರ ಫೋಲ್ಕ್‌ಲಿಂಗೆನ್ನೇ ಉತ್ತರ.

ಉತ್ತರ 3:
ಫೋಲ್ಕ್‌ಲಿಂಗೆನ್‌ಗೆ ಹೋದರೆ ಯಂತ್ರಗಳನ್ನಷ್ಟೇ ನೋಡಿ ಹಿಂತಿರುಗಬೇಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ 12,000ಕ್ಕೂ ಹೆಚ್ಚು ಜನರನ್ನು ಬಲವಂತವಾಗಿ ದುಡಿಸಿಕೊಳ್ಳಲಾಯಿತು. ಅವರ ನೆನಪಿಗಾಗಿ ಫ್ರೆಂಚ್ ಕಲಾವಿದ ಕ್ರಿಸ್ಟಿಯಾನ್ ಬೊಲ್ಟಾನ್ಸ್ಕಿ 2018ರಲ್ಲಿ ಒಂದು ಕಲಾಕೃತಿಯನ್ನು ರಚಿಸಿದರು: ಕಡತದ ಪೆಟ್ಟಿಗೆಗಳ ಗೋಡೆಗಳ ನಡುವೆ ಕಪ್ಪು ಬಟ್ಟೆಗಳ ರಾಶಿ, ಪಿಸುದನಿಯಲ್ಲಿ ಕೇಳಿಬರುವ ಹೆಸರುಗಳು. ಅಟ್ಟಕ್ಕೆ ಹತ್ತುವ ಮೊದಲೇ ಅದನ್ನು ನೋಡಿ. ಆಮೇಲೆ ಮೇಲಿನಿಂದ ಆ ತೊಟ್ಟಿಗಳನ್ನು ಕಂಡಾಗ, ಅವನ್ನು ತಳ್ಳಿದವರು ಯಾರೆಂಬುದು ಕೇಳದೆಯೇ ತಿಳಿಯುತ್ತದೆ.