ಪೆಡಲ್ ಕಿಟ್ ತರಿಸಿದ್ದೇನೆ, ಡಬ್ಬಿ ತೆರೆಯಲು ಭಯ. ಜೋಡಿಸಿದವರು ಹೇಳ್ರಿ

ಧಾರವಾಡದಿಂದ ಕೇಳುತ್ತಿದ್ದೇನೆ. ಗಿಟಾರಿಗೆ ಓವರ್‌ಡ್ರೈವ್ ಪೆಡಲ್ ಕಿಟ್ ಬಂದಿದೆ, ಅಂದರೆ ಗಿಟಾರ್ ಸದ್ದನ್ನು ಒರಟು ಮಾಡುವ, ಕಾಲಲ್ಲಿ ಒತ್ತುವ ಡಬ್ಬಿಯ ಬಿಡಿಭಾಗಗಳು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಒಮ್ಮೆಯೂ ಹಿಡಿದವನಲ್ಲ. ಎಲ್ಲಿ ಎಡವುತ್ತೇನೆ ಅಂತ ಮೊದಲೇ ಹೇಳಿಬಿಡಿ.

ಹುಬ್ಬಳ್ಳಿ, ವಿದ್ಯಾನಗರ:
ಬೋರ್ಡಿಗೆ ಹೆದರಬೇಡಿ, ನನ್ನದು ಎರಡು ಸಂಜೆಯಲ್ಲಿ ಮುಗಿಯಿತು. ನನ್ನನ್ನು ಅಳುವಂತೆ ಮಾಡಿದ್ದು ಕಾಲಲ್ಲಿ ಒತ್ತುವ ಸ್ವಿಚ್. ಅದಕ್ಕೆ ಮೂರು ಸಾಲಲ್ಲಿ, ವೈರ್ ಬೆಸೆಯುವ ಒಂಬತ್ತು ಲೋಹದ ಕಾಲು. ಐರನ್ ಜಾಸ್ತಿ ಹೊತ್ತು ಹಿಡಿದೆ. ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಕಾಲು ವಾಲಿತು. ಆಮೇಲೆ ಒತ್ತಿದರೆ ಒಮ್ಮೆ ಹತ್ತುತ್ತೆ, ಒಮ್ಮೆ ಇಲ್ಲ. ಹೊಸ ಸ್ವಿಚ್ಚೇ ತರಬೇಕಾಯಿತು. ಎರಡು-ಮೂರು ಸೆಕೆಂಡ್ ಮುಟ್ಟಿಸಿ, ಸೋಲ್ಡರ್ ಹರಿದ ಕೂಡಲೇ ತೆಗೆಯಿರಿ. ಒಂದು ಕಾಲು ಮುಗಿದ ಮೇಲೆ ಪಕ್ಕದ್ದಕ್ಕೆ ಹೋಗದೆ ಆಚೆ ತುದಿಯದಕ್ಕೆ ಹೋಗಿ, ಅಷ್ಟರಲ್ಲಿ ಇದು ಆರುತ್ತೆ.

ಇನ್ನೊಂದು. ಅಲ್ಯೂಮಿನಿಯಂ ಡಬ್ಬಿಯೊಳಗೆ ತುರುಕುವ ಮೊದಲು ನುಡಿಸಿ ನೋಡಿ. ನಾನು ಲೈನ್ ಬಜಾರಿನ ಪೇಡೆ ಬಾಕ್ಸಿಗೆ ತೂತು ಹಾಕಿ, ಗಿಟಾರ್ ವೈರ್ ಚುಚ್ಚುವ ಜ್ಯಾಕು, ನಾಬು ಎಲ್ಲ ಅದರಲ್ಲೇ ಕೂರಿಸಿದ್ದೆ. ತುಪ್ಪದ ವಾಸನೆಯ ಪೆಡಲ್! ಗುಂಯ್ ಅಂತ ಸದ್ದೂ ಬರುತ್ತಿತ್ತು. ರಟ್ಟು ಅದನ್ನು ತಡೆಯಲ್ಲ, ಗ್ರೌಂಡ್ ಆದ ಲೋಹದ ಡಬ್ಬಿಗೆ ಹೋದ ಮೇಲೆ ಇಳಿಯಿತು.

ಗದಗ:
ಟಿವಿ ರಿಪೇರಿ ನನ್ನ ಕಸುಬು. ಗಿಟಾರ್ ತಿಳಿಯದು, ಬೋರ್ಡ್ ತಿಳಿಯುತ್ತದೆ. ರೆಸಿಸ್ಟರಿನ ಅಳತೆ ಹೇಳುವ ಬಣ್ಣದ ಪಟ್ಟಿ ನಂಬಬೇಡಿ. ನೀಲಿ ಮೈಯ ಮೇಲೆ ಕಂದು ಯಾವುದು, ಕೆಂಪು ಯಾವುದು ಅಂತ ಟ್ಯೂಬ್‌ಲೈಟ್ ಬೆಳಕಲ್ಲಿ ನನಗೇ ಗೊತ್ತಾಗಲ್ಲ. ಪ್ರತಿಯೊಂದನ್ನೂ ಮಲ್ಟಿಮೀಟರಲ್ಲಿ ಅಳೆದೇ ಹಾಕಿ. ಕೆಪಾಸಿಟರ್ ಮೇಲೆ 104 ಅಂತಿದ್ದರೆ ಅದು 100 ನ್ಯಾನೋಫ್ಯಾರಡ್. ಎಲೆಕ್ಟ್ರೋಲಿಟಿಕ್‌ನಲ್ಲಿ ಪಟ್ಟಿ ಇರುವ ಕಡೆ ಮೈನಸ್. ಗಿಡ್ಡ ಸಾಮಾನು ಮೊದಲು, ಎತ್ತರದ್ದು ಕೊನೆಗೆ. ಐಸಿಯನ್ನು, ಅಂದರೆ ಚಿಪ್ಪನ್ನು, ನೇರವಾಗಿ ಬೆಸೆಯಬೇಡಿ, ಸಾಕೆಟ್ ಹಾಕಿ. 4558 ಐಸಿ ಸುಟ್ಟರೆ ಕಿತ್ತು ಇನ್ನೊಂದು ಕೂರಿಸಬಹುದು, ಅಲ್ವಾ? 25 ವ್ಯಾಟ್ ಐರನ್, ರೋಸಿನ್ ತುಂಬಿದ 60/40 (ತವರ/ಸೀಸ) ಸೋಲ್ಡರ್ ಸಾಕು. ಸುಮ್ನೆ ದುಬಾರಿಯದಕ್ಕೆ ದುಡ್ಡು ಹಾಕಬೇಡಿ. ಕಿಟಕಿ ತೆರೆದಿಡಿ, ಮುಗಿದ ಮೇಲೆ ಕೈ ತೊಳೆಯಿರಿ. ಸೋಲ್ಡರಿನಲ್ಲಿ ಸೀಸ ಇರುತ್ತೆ.

ಹಾವೇರಿ:
ಅಡಾಪ್ಟರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಪೆಡಲ್‌ಗಳಿಗೆ ಸಾಮಾನ್ಯವಾಗಿ ಪಿನ್ನಿನ ನಡುವೆ ಮೈನಸ್ ಇರುವ 9 ವೋಲ್ಟ್ ಬೇಕು. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ನಡುವೆ ಪ್ಲಸ್. ನಾನು ಹಳೆಯದೊಂದು ಚುಚ್ಚಿದೆ, ಐಸಿ ಹೋಯಿತು. ಮೊದಲ ಸಲ ಬ್ಯಾಟರಿಯಲ್ಲೇ ನೋಡಿ.

ಕೇಳಿದವನು, ಎರಡು ವಾರದ ಮೇಲೆ:
ಜೋಡಿಸಿದೆ. ಲೈಟ್ ಹತ್ತಿತು, ಸದ್ದಿಲ್ಲ. ಒಂದಿಡೀ ಭಾನುವಾರ ಬೋರ್ಡನ್ನೇ ಕೆದಕಿದೆ. ಕೊನೆಗೆ ನೋಡಿದರೆ ಜ್ಯಾಕುಗಳೇ ಅದಲುಬದಲು. ಮೇಲಿಂದ ನೋಡಿದಾಗ ಗಿಟಾರ್ ಚುಚ್ಚುವುದು ಬಲಕ್ಕೆ. ವೈರ್ ಹಾಕಲು ಡಬ್ಬಿ ಮಗುಚಿದರೆ ಅದೇ ಎಡಕ್ಕೆ ಬರುತ್ತೆ! ಎರಡು ವೈರ್ ಬದಲಿಸಿದೆ, ಕೂಗಿತು. ಸ್ವಿಚ್ಚಿನ ಕಾಲು ವಾಲಿಲ್ಲ, ವಿದ್ಯಾನಗರದ ಅಣ್ಣಾ.